ಹಳಿಯ ಮೇಲೆ ಕೂರದ ಎಂಜಿನ್

ಶಿಕಾರಿಪುರದಲ್ಲಿ ಹುಟ್ಟಿ ಬೆಳೆದವನಿಗೆ ರೈಲಿನ ಹುಚ್ಚು ಎಲ್ಲಿಂದ ಬಂತು ಅಂತ ಆಫೀಸಲ್ಲಿ ಕೇಳ್ತಾರೆ. ನಾನು ಶಾಲೆಗೆ ಹೋಗುವಾಗ ನಮ್ಮೂರಲ್ಲಿ ಹಳಿಯೇ ಇರಲಿಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಲೈನಿಗೆ ಶಂಕುಸ್ಥಾಪನೆ ಆಗಿದ್ದೇ 2023ರ ಫೆಬ್ರವರಿ 27ಕ್ಕೆ. ಪಕ್ಕದ ಸೊರಬದವರಂತೂ ರೈಲು ಹತ್ತಬೇಕಂದ್ರೆ ಸಾಗರಕ್ಕೋ ತಾಳಗುಪ್ಪಕ್ಕೋ ಹೋಗಬೇಕು. ಬಹುಶಃ ಇಲ್ಲದ್ದಕ್ಕೇ ಹುಚ್ಚು ಜಾಸ್ತಿ. ಬೆಂಗಳೂರಿನ ಬಾಡಿಗೆ ಮನೆಯ ಮಂಚದ ಕೆಳಗೆ ನನ್ನದೊಂದು ಪುಟ್ಟ ರೈಲ್ವೆ ಇದೆ.

ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ನನ್ನ ಹತ್ತಿರ ಹೇಳುವ ದೂರು ಹೆಚ್ಚಾಗಿ ಒಂದೇ: "ಡೀಸೆಲ್ ಎಂಜಿನ್ ಆರಾಮಾಗಿ ಕೂರುತ್ತೆ, ಸ್ಟೀಮ್ ಎಂಜಿನ್ ಮಾತ್ರ ಕೂರೋದೇ ಇಲ್ಲ." ಇದರಲ್ಲಿ ಆಶ್ಚರ್ಯ ಏನಿಲ್ಲ. ಡೀಸೆಲ್ ಮಾಡೆಲ್ಲಿಗೆ ಹಿಂದೊಂದು ಮುಂದೊಂದು ಬೋಗಿ, ಎರಡೂ ತಮ್ಮಷ್ಟಕ್ಕೆ ತಿರುಗುತ್ತವೆ. ಸ್ಟೀಮ್ ಎಂಜಿನ್ ಅಂದ್ರೆ ಕೂಡು ಕುಟುಂಬ. ನಡುವೆ ರಾಡ್‌ನಿಂದ ಒಂದಕ್ಕೊಂದು ಬಿಗಿದ ದೊಡ್ಡ ಚಕ್ರಗಳು, ಮುಂದೆ ಪುಟಾಣಿ ಚಕ್ರ, ಹಿಂದೆ ಕಲ್ಲಿದ್ದಲು ಮತ್ತು ನೀರಿನ ಟೆಂಡರ್. ಒಬ್ಬರು ಮುನಿಸಿಕೊಂಡರೂ ಸಾಕು, ಯಾರೂ ಸರಿಯಾಗಿ ಕೂರಲ್ಲ.

ಮೊದಲು ತಿಳೀಬೇಕಾದ್ದು, ತೊಂದರೆ ಎಂಜಿನ್ನಿನದ್ದೋ ಹಳಿಯದ್ದೋ ಅನ್ನೋದು. ಎಂಜಿನ್ನನ್ನ ಬೇರೆ ಜಾಗದಲ್ಲಿ, ಒಂದು ನೇರ ಹಳಿಯ ಮೇಲೆ ಇಡಿ. ಆಮೇಲೆ ಹಿಂದುಮುಂದಾಗಿ ತಿರುಗಿಸಿ ಇಡಿ. ಎಲ್ಲಿಟ್ಟರೂ ಅದೇ ಚಕ್ರ ಏಳ್ತಾ ಇದ್ದರೆ ಎಂಜಿನ್ ನೋಡಬೇಕು. ಒಂದೇ ಜಾಗದಲ್ಲಿ, ಯಾವ ಎಂಜಿನ್ ಇಟ್ಟರೂ ತೊಂದರೆ ಅಂದ್ರೆ ಹಳಿ ನೋಡಬೇಕು. ಕೋಡ್‌ನಲ್ಲಿ ಬಗ್ ಹುಡುಕೋರಿಗೆ ಇದನ್ನ ಹೇಳಿಕೊಡೋದೇ ಬೇಡ, ಆದರೂ ಎಷ್ಟೋ ಜನ ಮೊದಲ ದಿನವೇ ಸ್ಕ್ರೂಡ್ರೈವರ್ ಹಿಡಿದು ಎಲ್ಲ ಬಿಚ್ಚಿ ಕೂತಿರ್ತಾರೆ.

ಎರಡನೆಯದು ಕನ್ನಡಿ. ಗೋಡೆಯ ಕನ್ನಡಿಯನ್ನ ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ಎಂಜಿನ್ ನಿಲ್ಲಿಸಿ. ಪಕ್ಕದಿಂದ ಕಣ್ಣು ಮಟ್ಟಕ್ಕೆ ತಂದು ನೋಡಿದರೆ ಪ್ರತಿ ಚಕ್ರಕ್ಕೂ ಕೆಳಗೊಂದು ಪ್ರತಿಬಿಂಬ. ಎದ್ದಿರುವ ಚಕ್ರಕ್ಕೂ ಅದರ ಬಿಂಬಕ್ಕೂ ನಡುವೆ ಬೆಳಕು ಕಾಣುತ್ತೆ. ಅನುಮಾನ ಇದ್ದರೆ ಬಸ್ ಟಿಕೆಟ್ಟಿನಂಥ ತೆಳು ಕಾಗದ ತೂರಿಸಿ, ಸಲೀಸಾಗಿ ಹೋದರೆ ಆ ಚಕ್ರ ಗಾಳಿಯಲ್ಲಿದೆ. ಒಂದು ಎಚ್ಚರ ಬೇಕು. ಕೆಲವು ಎಂಜಿನ್‌ಗಳಲ್ಲಿ ನಡುವಿನ ದೊಡ್ಡ ಚಕ್ರಕ್ಕೆ ಫ್ಲ್ಯಾಂಜ್, ಅಂದರೆ ಚಕ್ರ ಹಳಿಯಿಂದ ಜಾರದಂತೆ ಒಳಬದಿಯಲ್ಲಿರುವ ಅಂಚು, ಇರೋದೇ ಇಲ್ಲ. ತಿರುವಿನಲ್ಲಿ ಸಿಕ್ಕಿಕೊಳ್ಳದಿರಲಿ ಅಂತ ಹಾಗೆ ಮಾಡಿರ್ತಾರೆ. ಕನ್ನಡಿ ಮೇಲೆ ಉಳಿದ ಚಕ್ರಗಳು ಫ್ಲ್ಯಾಂಜ್ ಮೇಲೆ ನಿಂತಿರೋದ್ರಿಂದ ಇದೊಂದು ಎದ್ದ ಹಾಗೆ ಕಾಣುತ್ತೆ. ಅದು ದೋಷ ಅಲ್ಲ.

ಹೋದ ತಿಂಗಳು ಈ ಕನ್ನಡಿ ಪರೀಕ್ಷೆ ಸೊರಬದಲ್ಲಿ ನಡೀತು, ನಮ್ಮ ಅತ್ತೆ ಮನೆಯಲ್ಲಿ. ಮಾವ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎರಡು ವರ್ಷದಿಂದ ಕೈ ನಡುಗುತ್ತೆ. ಮಗಳು ಇಂಗ್ಲೆಂಡಿನಿಂದ ಬರುವಾಗ ಸೆಕೆಂಡ್‌ಹ್ಯಾಂಡ್ ಸ್ಟೀಮ್ ಎಂಜಿನ್ ಒಂದು, ಜೊತೆಗೆ ಒಂದು ಸುತ್ತು ಹಳಿ ತಂದುಕೊಟ್ಟಿದ್ದಳು. ದಿನಾ ಸಂಜೆ ಜಗಲಿಯಲ್ಲಿ ಅದನ್ನ ಓಡಿಸೋದು ಅವರ ಅಭ್ಯಾಸ ಆಗಿತ್ತು. ಈ ಸಲ ಹೋದಾಗ ಹಳಿಯೂ ಇಲ್ಲ, ಎಂಜಿನ್ನೂ ಇಲ್ಲ. ಕೇಳಿದ್ದಕ್ಕೆ ಅತ್ತೆ, "ಅಟ್ಟಕ್ಕೆ ಹೋಯ್ತು. ಕೂರಿಸೋಕೆ ಆಗಲ್ಲ ಅಂತ ಇವರೇ ಪೆಟ್ಟಿಗೆಗೆ ಹಾಕಿದ್ರು" ಅಂದರು.

ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಎಂಜಿನ್ ಚೆನ್ನಾಗೇ ಇದೆ ಮಾರಾಯ. ನನ್ನ ಕೈ ನಿಲ್ಲೋದಿಲ್ಲ, ಅಷ್ಟೇ."

ಇಳಿಸಿ ತಂದೆ. ಮುಂದೆ ಎರಡು ಪುಟ್ಟ ಚಕ್ರ, ನಡುವೆ ಆರು ದೊಡ್ಡವು. ನಾನು ಇಟ್ಟರೂ ಮೂತಿ ಎತ್ತಿಕೊಂಡೇ ನಿಂತಿತು. ಕನ್ನಡಿ ಮೇಲೆ ಎಲ್ಲ ಚಕ್ರವೂ ನೆಟ್ಟಗಿವೆ, ಹಳಿ ಮೇಲೆ ಮಾತ್ರ ಮುಂದಿನ ಜೋಡಿ ಏಳುತ್ತೆ. ಅಂದರೆ ಎತ್ತರದ ಸಮಸ್ಯೆ ಅಲ್ಲ, ಅಗಲದ್ದು. ಬ್ಯಾಗಿನಲ್ಲಿದ್ದ ಡಿಜಿಟಲ್ ಕ್ಯಾಲಿಪರ್ ತೆಗೆದು ಆ ಎರಡು ಚಕ್ರಗಳ ಒಳಮೈಯಿಂದ ಒಳಮೈಗೆ ಅಳೆದೆ. 15.1 ಮಿಲಿಮೀಟರ್. ಈ ಅಳತೆಯ ಎಂಜಿನ್ನಿಗೆ, ಅಂದರೆ 16.5 ಮಿ.ಮೀ. ಹಳಿಯ ಮೇಲೆ ಓಡುವ ಓಓ ಗೇಜಿಗೆ, ಅದು 14.5ರ ಆಸುಪಾಸಿನಲ್ಲಿರಬೇಕು.

ಲೆಕ್ಕ ಮಾಡಿದ್ದು ನಾನಲ್ಲ, ಮಾವ. ಫ್ಲ್ಯಾಂಜಿನ ದಪ್ಪ ಎಷ್ಟು ಅಂತ ಕೇಳಿದರು, 0.8 ಅಂದೆ. ಪೇಪರಿನ ಅಂಚಿನಲ್ಲೇ ನಡುಗುವ ಅಕ್ಷರದಲ್ಲಿ ಬರೆದರು: 15.1, ಎರಡು ಸಲ 0.8, ಒಟ್ಟು 16.7. ಹಳಿಗಳ ನಡುವೆ ಇರೋದು 16.5. ಕೆಳಗೆ ಎರಡು ಗೆರೆ ಎಳೆದರು.

"ಹಂಗಾರೆ ಇದು ಯಾರು ಇಟ್ಟರೂ ಕೂರ್ತಿರಲಿಲ್ಲ."

"ಯಾರಿಟ್ಟರೂ ಕೂರಲ್ಲ ಮಾವ. ಅಚ್ಚಿಗೆ ಸುತ್ತಿದ ಕೂದಲನ್ನೇನಾದ್ರೂ ತೆಗೆದಿದ್ರಾ?"

ತೆಗೆದಿದ್ದರಂತೆ. ಆಗ ಎಳೆದ ರಭಸಕ್ಕೆ ಚಕ್ರ ಅಚ್ಚಿನ ಮೇಲೆ ಕೂದಲೆಳೆಯಷ್ಟು ಹೊರಗೆ ಸರಿದಿರಬೇಕು.

ಸರಿಮಾಡೋದು ಎರಡು ನಿಮಿಷದ ಕೆಲಸ. ಎರಡೂ ಚಕ್ರವನ್ನ ಬೆರಳಲ್ಲಿ ಹಿಡಿದು, ಸ್ವಲ್ಪ ತಿರುಚುತ್ತಾ ಒಳಕ್ಕೆ ಒತ್ತಬೇಕು, ಎರಡೂ ಕಡೆಯಿಂದ ಸಮವಾಗಿ. ಒತ್ತಿದ ಮೇಲೆ ಚಕ್ರ ತಿರುಗಿಸಿ ಮೂರು ಜಾಗದಲ್ಲಿ ಅಳೆಯಿರಿ. ಮೂರು ಅಂಕಿ ಬೇರೆ ಬೇರೆ ಬಂದರೆ ಚಕ್ರ ಸೊಟ್ಟಗೆ ಕೂತಿದೆ, ಓಡುವಾಗ ತೊನೆಯುತ್ತೆ. ಅಳತೆ ತೀರಾ ಕಮ್ಮಿಯಾದರೂ ತೊಂದರೆಯೇ. ಎಂಜಿನ್ ನೇರ ಹಳಿಯಲ್ಲಿ ಚೆನ್ನಾಗಿ ಓಡಿ, ಹಳಿ ಕವಲೊಡೆಯುವ ಪಾಯಿಂಟ್‌ನಲ್ಲಿ ಎಗರುತ್ತೆ. ರಾಡ್ ಇರುವ ದೊಡ್ಡ ಚಕ್ರಗಳಿಗೆ ಮಾತ್ರ ಈ ತಿರುಚುವ ವಿದ್ಯೆ ಬೇಡ. ಎಡ ಬಲದ ರಾಡ್‌ಗಳು ಒಂದಕ್ಕೊಂದು 90 ಡಿಗ್ರಿಯಲ್ಲಿ ಕೂತಿರುತ್ತವೆ. ಅದು ತಪ್ಪಿದರೆ ಎಂಜಿನ್ ಕುಂಟುತ್ತೆ, ಮತ್ತೆ ಹೊಂದಿಸೋದು ರಗಳೆ.

ಅಗಲ ಸರಿ ಇದ್ದೂ ಕೂರದಿದ್ದರೆ ನಾನು ಮೊದಲು ಎಂಜಿನ್ನಿಗೂ ಟೆಂಡರಿಗೂ ನಡುವಿನ ವೈರ್ ನೋಡ್ತೀನಿ. ಅದು ಗಡುಸಾಗಿ ಮಡಚಿಕೊಂಡು ಟೆಂಡರನ್ನೇ ಎತ್ತಿ ಹಿಡಿದಿರುತ್ತೆ. ಆಮೇಲೆ ಮುಂದಿನ ಪುಟ್ಟ ಚಕ್ರಗಳ ಸ್ಪ್ರಿಂಗ್. ಅದು ಬಿರುಸಾದರೆ ದೊಡ್ಡ ಚಕ್ರವನ್ನೇ ಎತ್ತಿಬಿಡುತ್ತೆ. ಹಿಡಿತಕ್ಕೆ ಅಂತ ಕೆಲವು ಚಕ್ರಕ್ಕೆ ರಬ್ಬರ್ ರಿಂಗ್ ಹಾಕಿರ್ತಾರೆ, ಅದು ಗಾಡಿಯಿಂದ ಜಾರಿದರೂ ಒಂದು ಮೂಲೆ ಏಳುತ್ತೆ. ಯಾವಾಗಲೋ ಬಿಚ್ಚಿ ಜೋಡಿಸಿದ ಎಂಜಿನ್ ಆದರೆ, ಅಚ್ಚಿನ ಹಿತ್ತಾಳೆ ಬುಷ್ ತನ್ನ ಗುಂಡಿಯಲ್ಲಿ ಪೂರ್ತಿ ಇಳಿದಿದೆಯಾ ಅಂತಲೂ ನೋಡಿ.

ಇನ್ನು ಹಳಿ. ಮಲೆನಾಡಿನ ಸೆರಗಿನಲ್ಲಿ ಪ್ಲೈವುಡ್ ಮೇಲೆ ಹಳಿ ಹಾಕಿದವರಿಗೆ ಮಳೆಗಾಲವೇ ಪರೀಕ್ಷೆ. ಮಾರ್ಚಿನಲ್ಲಿ ಸಪಾಟಾಗಿದ್ದ ಹಲಗೆ ಆಗಸ್ಟಿಗೆ ಉಬ್ಬಿರುತ್ತೆ. ಹಲಗೆಯ ಎರಡೂ ಮೈಗೆ, ಅಂಚಿಗೂ ಸೇರಿಸಿ, ಬಣ್ಣವನ್ನೋ ವಾರ್ನಿಷನ್ನೋ ಹೊಡೆದರೆ ಬಹಳ ಮಟ್ಟಿಗೆ ತಡೆಯುತ್ತೆ. ಎರಡು ಹಳಿ ಸೇರುವ ಕಡೆ ಕಣ್ಣನ್ನ ನಂಬಬೇಡಿ, ಉಗುರು ಎಳೆದು ನೋಡಿ. ತಟಕ್ ಅಂದರೆ ಒಂದು ಹಳಿ ಜೋಡಣೆಯ ತಗಡಿನ ಒಳಗೆ ಹೋಗದೆ ಅದರ ಮೇಲೆ ಹತ್ತಿ ಕೂತಿದೆ.

ಕೈ ನಡುಗುವವರಿಗೆ, ಚಿಕ್ಕ ಮಕ್ಕಳಿಗೆ ಒಂದು ಸಾಧನ ಇದೆ. ಹಳಿಯ ತುದಿಗೆ ಸಿಕ್ಕಿಸುವ ಇಳಿಜಾರಿನ ಪ್ಲಾಸ್ಟಿಕ್ ತಟ್ಟೆ. ಮೇಲಿಟ್ಟು ಮೆಲ್ಲಗೆ ತಳ್ಳಿದರೆ ಚಕ್ರಗಳು ತಾವಾಗೇ ಹಳಿಗೆ ಇಳಿಯುತ್ತವೆ. ಮಾವನಿಗೆ ತರಿಸಿಕೊಡ್ತೀನಿ ಅಂದೆ. "ನೋಡೋಣ, ಮೊದಲು ಕೈಯಲ್ಲೇ ಇಡ್ತೀನಿ" ಅಂದರು. ಮೂರನೇ ಸಲಕ್ಕೆ ಕೂತಿತು. ತಟ್ಟೆಯನ್ನ ಹೇಗೂ ಆರ್ಡರ್ ಮಾಡಿದ್ದೀನಿ.

ಚಕ್ರ, ಫ್ಲ್ಯಾಂಜ್ ಅಂದರೆ ಏನು ಅಂತ ದೊಡ್ಡ ಗಾತ್ರದಲ್ಲೇ ನೋಡಬೇಕಂದ್ರೆ ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ, 1979ರಿಂದ ಇದೆ. ಅಲ್ಲಿ ನಿಂತಿರುವ ಸ್ಟೀಮ್ ಎಂಜಿನ್‌ಗಳ ಫೋಟೋ ಎಲ್ಲರೂ ಮುಂದಿನಿಂದ ತೆಗೀತಾರೆ. ನೀವು ಸ್ವಲ್ಪ ಬಗ್ಗಿ, ಚಕ್ರ ಹಳಿಯನ್ನ ಮುಟ್ಟುವ ಜಾಗದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.