ಮುರುಕು ಮಂಚ ಯಾರ ಪಾಲು?

ದೊಡ್ಡ ಮೋರಿಯಲ್ಲಿ ಹಳೆಯ ಹಾಸಿಗೆಯೊಂದು ಸಿಕ್ಕಿಕೊಂಡಿತು. ಮಳೆಯ ನೀರು ಉಕ್ಕಿ ಮಿಲ್ಲಿನ ಹಿಂದಿನ ಸಾಲುಮನೆಗಳಿಗೆ ನುಗ್ಗಿತು. ಆ ಬಳಿಕ ನಮ್ಮ ನಗರಸಭೆಯ ಮಹಾಶಯರಿಗೆ ಜ್ಞಾನೋದಯವಾಗಿ, ಮನೆಯ ಹಳೇ ಸಾಮಾನನ್ನು ಬೀದಿಗೆ ಎಸೆಯುವವರಿಗೆ ದಂಡವೆಂದು ಗೋಡೆಗೋಡೆಗೆ ನೋಟೀಸು ಅಂಟಿಸಿದ್ದಾರೆ.

ಎಸೆಯುವುದು ತಪ್ಪೇ. ಅಲ್ಲವೆಂದು ಈ ಪತ್ರಿಕೆ ವಾದಿಸುವುದಿಲ್ಲ. ನೀರು ನುಗ್ಗಿದ್ದು ಕೂಲಿಕಾರರ ಮನೆಗಳಿಗೇ ಹೊರತು ನೋಟೀಸು ಬರೆದವರ ಮನೆಗಲ್ಲ. ಆದರೆ ಒಂದು ಮಾತು ಕೇಳುತ್ತೇವೆ: ಬೀದಿಗೆ ಹಾಕಬಾರದು, ಸರಿ, ಹಾಕಬೇಕಾದದ್ದು ಎಲ್ಲಿ? ನೋಟೀಸಿನಲ್ಲಿ ದಂಡದ ಮೊತ್ತವಿದೆ, ಜಾಗದ ಹೆಸರಿಲ್ಲ!

ಬೆಳಗಿನ ಕಸದ ಗಾಡಿ ಹಸಿ ಕಸ, ಒಣ ಕಸ ಒಯ್ಯುತ್ತದೆ. ಮಂಚ ತೋರಿಸಿದರೆ ಗಾಡಿಯವನು ಕೈಯಾಡಿಸಿ ಮುಂದೆ ಹೋಗುತ್ತಾನೆ. ಅವನದೇನು ತಪ್ಪು? ಗಾಡಿಯಲ್ಲಿ ಜಾಗವಿಲ್ಲ. ಬಂಗಲೆಯವರಿಗೆ ಕಾರಿನ ಷೆಡ್ಡಿದೆ, ಮಹಡಿಯಿದೆ, 'ಒಯ್ದುಕೋ' ಎಂದು ಧರ್ಮಮಾಡಲು ಕೆಲಸದಾಳಿದ್ದಾಳೆ. ಒಂದೇ ಕೋಣೆಯ ಬಾಡಿಗೆಮನೆಯವನು ಎಲ್ಲಿಡಬೇಕು? ಸಣ್ಣ ಅಂಗಡಿಯವನು ಒಡೆದ ಶೋಕೇಸನ್ನು ತಲೆಯ ಮೇಲಿಟ್ಟುಕೊಂಡು ವ್ಯಾಪಾರ ಮಾಡಬೇಕೇ? ಲಗೇಜು ಆಟೋದವನು ಕೇಳುವ ಬಾಡಿಗೆ ಒಂದು ದಿನದ ಕೂಲಿಯನ್ನು ನುಂಗುತ್ತದೆ.

ಹಿಂದೆ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ಹತ್ತಿಯ ಹಾಸಿಗೆ ಗಂಟುಕಟ್ಟಿದರೆ ಪಿಂಜಾರರು ಬಿಲ್ಲು ಹೊತ್ತು ಬಾಗಿಲಿಗೆ ಬರುತ್ತಿದ್ದರು. ಅಂಗಳದಲ್ಲೇ ಹಿಂಜಿ, ಹೊಸ ಬಟ್ಟೆ ತುಂಬಿ, ಹೊಲಿದು ಕೊಡುತ್ತಿದ್ದರು. ತೇಗದ ಮಂಚದ ಕಾಲು ಮುರಿದರೆ ಬಡಗಿ ಇನ್ನೊಂದು ಕಾಲು ಕೂಡಿಸುತ್ತಿದ್ದ. ಕಡೆಗೆ ಅದು ಮೊಮ್ಮಗನ ಕಾಲಕ್ಕೆ ಬೆಂಚಾಗುತ್ತಿತ್ತು, ಬೆಂಚು ಹೋಗಿ ಮಣೆಯಾಗುತ್ತಿತ್ತು. ಈಗ ಕಂತಿನ ಮೇಲೆ ಮಾರುವುದೇನನ್ನು? ಮರದ ಪುಡಿಗೆ ಫಾರ್ಮಾಲ್ಡಿಹೈಡಿನ ಅಂಟು ಕಲಸಿ ಒತ್ತಿದ ಹಲಗೆಯನ್ನು. ನೀರು ಸೋಕಿದರೆ ಊದಿಕೊಳ್ಳುತ್ತದೆ. ಒಮ್ಮೆ ಕಿತ್ತ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ಫೋಮಿನ ಹಾಸಿಗೆಯನ್ನು ಯಾವ ಬಿಲ್ಲೂ ಹಿಂಜಲಾರದು. ಸುಟ್ಟರೆ ಸಯನೈಡಿನ ವಿಷಗಾಳಿ. ಕಬ್ಬಿಣದ ಬೀರುವನ್ನು ಗುಜರಿಯವನು ತೂಕಕ್ಕಾದರೂ ಕೊಳ್ಳುತ್ತಾನೆ, ಇವನ್ನು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. ಬಡಗಿಯ ಅನ್ನವೂ ಹೋಯಿತು, ಹಾಸಿಗೆಯೂ ಮೋರಿಗೆ ಬಿತ್ತು. ಲಾಭವೆಲ್ಲ ಬಂಡವಳಿಗನದು, ಕಸ ಮಾತ್ರ ಸಾರ್ವಜನಿಕರದು! ಸಮಾಜವಾದವನ್ನು ಇವರು ಇಷ್ಟರ ಮಟ್ಟಿಗೆ ಒಪ್ಪಿಕೊಂಡಿದ್ದಾರೆ.

ಕಾನೂನಿಗೆ ಈ ತತ್ವ ತಿಳಿಯದೆ ಇಲ್ಲ. ಬ್ಯಾಟರಿ ತಯಾರಕ, ಟಯರ್ ತಯಾರಕ ತಮ್ಮ ಹಳೆಯ ಮಾಲಿನ ಹೊಣೆ ಹೊರಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರವೇ ನಿಯಮ ಮಾಡಿತು. ಮಂಚ-ಮೇಜುಗಳ ಕಾರ್ಖಾನೆಯವನ ಮೇಲೆ ಮಾತ್ರ ಈ ದಾಕ್ಷಿಣ್ಯವೇಕೆ? ಫ್ರಾನ್ಸಿನಲ್ಲಿ 2013ರಿಂದ ಹೊಸ ಪೀಠೋಪಕರಣದ ಬೆಲೆಯಲ್ಲೇ ಅದರ ವಿಲೇವಾರಿಯ ಪಾಲು ಸೇರಿದೆ. ಅಲ್ಲಿಯೂ ಕಡೆಗೆ ತೆರುವವನು ಕೊಳ್ಳುವವನೇ ಎಂಬುದು ನಿಜ. ಆದರೂ ಹೊರುವ ಗಾಡಿಯಾದರೂ ಬರುತ್ತದೆ.

ನಮ್ಮಲ್ಲಿ 2016ರ ಘನತ್ಯಾಜ್ಯ ನಿಯಮಗಳು ಬೀದಿಗೆ ಎಸೆಯಬೇಡಿ, ಸುಡಬೇಡಿ, ಹೂಳಬೇಡಿ ಎಂದವು. ಬಳಕೆದಾರರ ಶುಲ್ಕ ಕೊಡಿ ಎಂದೂ ಹೇಳಿದವು. ಶುಲ್ಕ ಕೊಟ್ಟವನಿಗೆ ಸೇವೆ ಕೇಳುವ ಹಕ್ಕಿಲ್ಲವೇ? 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅಧಿಕಾರಿಗಳು ಬೀದಿಗೆ ಕಸ ಹಾಕಿದವರ ಮನೆಬಾಗಿಲಿಗೇ ಕಸ ಸುರಿಸಿ ದಂಡ ಎಳೆದರು. ಪತ್ರಿಕೆಗಳಲ್ಲಿ ಚಿತ್ರ ಬಂತು, ನೋಡಿದವರು ನಕ್ಕರು. ಆ ಕಸವನ್ನು ಮತ್ತೆ ಬಾಚಿದವರು ಯಾರೆಂದು ಯಾರೂ ಕೇಳಲಿಲ್ಲ.

ನಾವು ಕೇಳುವುದು ಇಂದ್ರಲೋಕವನ್ನಲ್ಲ. ತಿಂಗಳಿಗೊಮ್ಮೆ, ಮೊದಲೇ ಸಾರಿದ ದಿನ, ವಾರ್ಡಿಗೊಂದು ಟ್ರ್ಯಾಕ್ಟರ್ ಬರಲಿ. ಹೊರಲು ಸಾಕಷ್ಟು ಆಳು, ಅವರಿಗೆ ಕೈಗವಸು, ಹೆಚ್ಚಿನ ಹೊತ್ತಿನ ಕೆಲಸಕ್ಕೆ ಹೆಚ್ಚಿನ ಕೂಲಿ ಇರಲಿ. ಇದ್ದ ಪೌರಕಾರ್ಮಿಕರ ಬೆನ್ನ ಮೇಲೇ ಮಂಚ ಹೇರಕೂಡದು. ನಗರಸಭೆಯ ಖಾಲಿ ಷೆಡ್ಡೊಂದರಲ್ಲಿ ಸಾಮಾನು ಇಳಿಯಲಿ. ಬಡಗಿಗಳು, ಕುಷನ್ ಕೆಲಸದವರು, ಗುಜರಿಯವರು ಅಲ್ಲಿಂದ ಬೇಕಾದ್ದನ್ನು ಆರಿಸಿಕೊಳ್ಳಲಿ. ಉಳಿದದ್ದು ಮಾತ್ರ ಕಸ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರದೆ ಹೋದರೆ, ಸಾಲುಮನೆಗಳ ಜನ ತಮ್ಮ ಮುರುಕು ಮಂಚಗಳನ್ನು ನಗರಸಭೆಯ ಅಂಗಳಕ್ಕೇ ಹೊತ್ತು ತರುವರು. ಎಸೆಯುವುದಿಲ್ಲ, ಕಾನೂನು ಮುರಿಯುವುದಿಲ್ಲ. ಸಾಲಾಗಿ ನಿಂತು ಒಪ್ಪಿಸಿ, ರಸೀದಿ ಕೇಳುವರು.