ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ

ನವೆಂಬರ್ ತಿಂಗಳಲ್ಲಿ ದುಬೈಯಲ್ಲೋ ಅಬುಧಾಬಿಯಲ್ಲೋ ನಡೆಯುವ ರಾಜ್ಯೋತ್ಸವಕ್ಕೆ ಹೋಗಿ ನೋಡಿ. ವೇದಿಕೆಯ ಮೇಲೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಕುರ್ಚಿಗಳಲ್ಲಿ ಹೋಟೆಲ್ ಮಾಲೀಕರು, ಕಟ್ಟಡ ಗುತ್ತಿಗೆದಾರರು, ಕಂಪನಿ ಕಟ್ಟಿದವರು. ಬರಿಗೈಯಲ್ಲಿ ಬಂದು ಸಾಮ್ರಾಜ್ಯ ಕಟ್ಟಿದರು ಎಂದು ನಿರೂಪಕರು ಕೊಂಡಾಡುತ್ತಾರೆ. ಬರಿಗೈ ಎಂಬುದು ಹಸಿ ಸುಳ್ಳು. ಆ ಕೈಯಲ್ಲಿ ಒಬ್ಬ ಹೆಂಗಸಿನ ಬಳೆ ಅಡವಿಟ್ಟ ದುಡ್ಡಿತ್ತು.

ಉಡುಪಿಯ ಬಿ.ಆರ್. ಶೆಟ್ಟರು 1973ರಲ್ಲಿ ಅಬುಧಾಬಿಗೆ ಹೋದ ಕಥೆಯನ್ನು ನಮ್ಮ ಪತ್ರಿಕೆಗಳು ಎಷ್ಟು ಸಲ ಬರೆದವೋ ಲೆಕ್ಕವಿಲ್ಲ. 1975ರಲ್ಲಿ ಅವರು ತೆರೆದ ಎನ್‌ಎಂಸಿ ಎಂಬ ಪುಟ್ಟ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡಿದ ಮೊದಲ ವೈದ್ಯೆ ಅವರ ಹೆಂಡತಿ ಡಾ. ಚಂದ್ರಕುಮಾರಿ ಶೆಟ್ಟಿ. ಈ ಹೆಸರು ಎಷ್ಟು ಜನರ ಬಾಯಲ್ಲಿದೆ? ಎಂಬಿಬಿಎಸ್ ಓದಿದವಳ ಗತಿಯೇ ಹೀಗಿರುವಾಗ ಬೀಡಿ ಕಟ್ಟಿದವಳನ್ನು ಯಾರು ಕೇಳುತ್ತಾರೆ?

ನಾನು ಬರೆಯುತ್ತಿರುವುದು ಆ ಬೀಡಿ ಕಟ್ಟಿದವಳ ಬಗ್ಗೆ. ಬೈಂದೂರಿನಿಂದ ಮಂಜೇಶ್ವರದವರೆಗೆ ಯಾವ ಊರಿಗೆ ಹೋದರೂ ಅವಳು ಸಿಗುತ್ತಾಳೆ. ಎಪ್ಪತ್ತು ದಾಟಿದ್ದಾಳೆ, ಮಂಡಿ ನೋವು, ಸಕ್ಕರೆ ಕಾಯಿಲೆ. ಮಗ ಶಾರ್ಜಾದಲ್ಲಿ, ಮೊಮ್ಮಗ ದುಬೈಯಲ್ಲಿ. ಅವಳು ದುಬೈಯ ಹಡಗುಕಟ್ಟೆಯಲ್ಲಿ ದುಡಿದವಳು, ಅದೂ ಯುದ್ಧಕಾಲದಲ್ಲಿ ದುಡಿದವಳು ಎಂದರೆ ನಗಬೇಡಿ. ಪಾಸ್‌ಪೋರ್ಟ್ ಕೂಡ ಇಲ್ಲದೆ ದುಡಿದಳು.

ದುಬೈ ಡ್ರೈಡಾಕ್ಸ್ ಎಂಬ ಹಡಗುಕಟ್ಟೆ ಕೆಲಸ ಶುರು ಮಾಡಿದ್ದು 1983ರಲ್ಲಿ. ಆಗ ಇರಾನ್ ಮತ್ತು ಇರಾಕ್ ಹೊಡೆದಾಡಿಕೊಳ್ಳುತ್ತಿದ್ದವು. ಮರುವರ್ಷದಿಂದ ಎರಡೂ ಕಡೆಯವರು ತೈಲ ಹಡಗುಗಳ ಮೇಲೆ ಬಿದ್ದರು. 1988ರಲ್ಲಿ ಯುದ್ಧ ನಿಲ್ಲುವ ಹೊತ್ತಿಗೆ ದಾಳಿಗೊಳಗಾದ ವಾಣಿಜ್ಯ ಹಡಗುಗಳು 400ಕ್ಕೂ ಹೆಚ್ಚು. ನೂರಾರು ನಾವಿಕರು ಸತ್ತಿದ್ದರು. ಹೊಟ್ಟೆ ಸೀಳಿಸಿಕೊಂಡ, ಸುಟ್ಟು ಕರಕಲಾದ ಹಡಗುಗಳು ರಿಪೇರಿಗೆ ಬರುತ್ತಿದ್ದ ಜಾಗಗಳಲ್ಲಿ ದುಬೈಯೂ ಒಂದು. 1988ರ ಏಪ್ರಿಲ್ 14ರಂದು ಇರಾನಿನ ಮೈನ್ ತಗುಲಿ ಮುರಿಯುವಂತಾಗಿದ್ದ ಅಮೆರಿಕದ ಯುದ್ಧನೌಕೆ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಅನ್ನು ಎಳೆದು ತಂದು ನಿಲ್ಲಿಸಿದ್ದೂ ದುಬೈಯಲ್ಲೇ. ಯುದ್ಧ ಊರೆಲ್ಲ ಹಾಳು ಮಾಡಿದರೂ ಹಡಗುಕಟ್ಟೆಗೆ ಸುಗ್ಗಿ. ಆ ಸುಗ್ಗಿಯ ಕೂಲಿಗಳು ಭಾರತ, ಪಾಕಿಸ್ತಾನ, ಬಾಂಗ್ಲಾ, ಫಿಲಿಪೈನ್ಸ್‌ಗಳ ವೆಲ್ಡರುಗಳು, ಫಿಟ್ಟರುಗಳು, ಪೈಂಟರುಗಳು. ಕೊಲ್ಲಿಯ ಹಡಗುಕಟ್ಟೆಗಳಲ್ಲಿ ನಮ್ಮ ಕರಾವಳಿಯ ಗಂಡಸರೂ ಇದ್ದರು.

ಆ ಗಂಡಸು ಅಲ್ಲಿಗೆ ಹೋದದ್ದು ಹೇಗೆ? ಬೊಂಬಾಯಿಯ ಏಜೆಂಟನಿಗೆ ವೀಸಾದ ದುಡ್ಡು ಕೊಟ್ಟು. ಆ ದುಡ್ಡು ಬಂದದ್ದು ಹೆಂಡತಿಯ ಕೈಬಳೆಯಿಂದ, ಕುತ್ತಿಗೆಯ ಸರದಿಂದ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ನಾಟಕ, ವಿಜಯ ಎಂದು ಐದು ಬ್ಯಾಂಕು ಹೆತ್ತ ಕರಾವಳಿ ಎಂದು ಬೀಗುತ್ತೇವಲ್ಲ, ಅಂಥ ಬ್ಯಾಂಕುಗಳ ಅಡವಿನ ಚೀಟಿಗಳನ್ನು ತೆಗೆದು ನೋಡಿದರೆ ಗಲ್ಫಿನ ಮೊದಲ ಬಂಡವಾಳಗಾರರು ಯಾರೆಂದು ಗೊತ್ತಾಗುತ್ತಿತ್ತು.

ಬಳೆ ಬಿಡಿಸುವವರೆಗೆ ಮನೆ ನಡೆಯಬೇಕಲ್ಲ? ಬೀಡಿ ಬ್ರಾಂಚಿನಿಂದ ಎಲೆ, ತಂಬಾಕು ತಂದು ರಾತ್ರಿ ದೀಪದ ಬುಡದಲ್ಲಿ ಕಟ್ಟಿದಳು. ಕೂಲಿ ಸಾವಿರಕ್ಕೆ ಇಷ್ಟು ಎಂದು. ಚೆಕ್ಕರ್ ಸರಿಯಿಲ್ಲವೆಂದು ತೆಗೆದು ಬಿಸಾಡಿದ್ದಕ್ಕೆ ಕಾಸಿಲ್ಲ. ಬೀಡಿ ಕಾರ್ಮಿಕರ ಕಾಯ್ದೆ 1966ರಲ್ಲೇ ಬಂದಿತ್ತು. ಆದರೆ ಇನ್ನೊಬ್ಬರ ಹೆಸರಿನ ಪುಸ್ತಕದಲ್ಲಿ ಬೀಡಿ ಕೊಟ್ಟವಳಿಗೆ ಪಿಎಫ್ ಎಲ್ಲಿಂದ ಬರಬೇಕು? ಬೆಳಿಗ್ಗೆ ಎದ್ದರೆ ದನ, ಗದ್ದೆ, ಮಕ್ಕಳ ಶಾಲೆ, ಹಾಸಿಗೆ ಹಿಡಿದ ಅತ್ತೆ, ಮಾವನ ಕೆಮ್ಮು. ಗಂಡ ಬರುತ್ತಿದ್ದುದು ಎರಡು ವರ್ಷಕ್ಕೊಮ್ಮೆ, ರಜೆಯ ಮೇಲೆ. ನಡುವೆ ಒಂದು ಡ್ರಾಫ್ಟ್, ಒಂದು ಕಾಗದ, ಊರಿಗೆ ಬರುವವರ ಕೈಯಲ್ಲಿ ಕಳಿಸಿದ ಒಂದು ಕ್ಯಾಸೆಟ್.

ಯುದ್ಧ ಅವಳ ಅಡುಗೆಮನೆಗೂ ಬಂದಿತ್ತು. 1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ ವಿಮಾನವನ್ನು ಅಮೆರಿಕದ ಯುದ್ಧನೌಕೆ ಹೊಡೆದುರುಳಿಸಿ 290 ಜನ ಸತ್ತಾಗ, ದುಬೈ ಎಂಬ ಒಂದೇ ಶಬ್ದ ಕೇಳಿ ಎದೆ ಒಡೆದುಕೊಂಡ ಹೆಂಗಸರಿಗೆ ಕೇಳಲು ಫೋನಿರಲಿಲ್ಲ. ಯುದ್ಧ ಮುಗಿದ ಮೇಲೂ ಸಾವು ಬಿಡಲಿಲ್ಲ. 2002ರ ಮಾರ್ಚ್‌ನಲ್ಲಿ ಅದೇ ಡ್ರೈಡಾಕ್ಸ್‌ನ ಗೇಟು ಒಡೆದು ಸಮುದ್ರ ಒಳನುಗ್ಗಿತು. 20ಕ್ಕೂ ಹೆಚ್ಚು ಕಾರ್ಮಿಕರು ಮುಳುಗಿ ಸತ್ತರು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಕೆಂಜಾರಿನಲ್ಲಿ ಕಮರಿಗೆ ಬಿದ್ದು 158 ಜನ ಹೋದರು.

ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದಿತ್ತಲ್ಲ ಎನ್ನುವವರಿದ್ದಾರೆ. ಹೋಗಲು ಯಾರು ಬಿಟ್ಟರು? ಸಂಯುಕ್ತ ಅರಬ್ ಸಂಸ್ಥಾನಕ್ಕೆ ಬೇಕಾದದ್ದು ಕೈಗಳು, ಸಂಸಾರವಲ್ಲ. ಇವತ್ತಿಗೂ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4000 ದಿರ್ಹಮ್ ಸಂಬಳ ಇರಬೇಕು, ಇಲ್ಲವೇ 3000 ದಿರ್ಹಮ್ ಜೊತೆಗೆ ಮನೆ. ದುಬೈಯ ಸೋನಾಪುರದ ಲೇಬರ್ ಕ್ಯಾಂಪಿನ ಮಂಚದ ಮೇಲೆ ಮಲಗುವವನಿಗೆ ಅದು ಕನಸಿನ ಮಾತು. ಕೂಲಿಯವನಿಗೆ ಊಟ ಹಾಕಿ, ಬೆಳೆಸಿ, ಕಾಯಿಲೆ ಬಿದ್ದಾಗ ನೋಡಿ, ಮುದುಕನಾದಾಗ ವಾಪಸ್ ತೆಗೆದುಕೊಳ್ಳುವ ಕೆಲಸವನ್ನೆಲ್ಲ ಕಂಪನಿ ಸಮುದ್ರದ ಈಚೆಗೆ ತಳ್ಳಿತು. ಈಚೆ ಅದನ್ನು ಹೊತ್ತವಳು ಅವಳು. ಹೆಣ್ಣಿನ ಬಳಿಯಿಂದಲೇ ಮನೆತನ ಎಣಿಸುತ್ತಿದ್ದ ಅಳಿಯಸಂತಾನದ ನಾಡು ಇದು. ಇಲ್ಲಿಯೇ ಹೀಗಾಯಿತು.

ಅಮೆರಿಕದ ಕಡೆ ಒಮ್ಮೆ ನೋಡಿ. ಎರಡನೇ ಮಹಾಯುದ್ಧದಲ್ಲಿ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಕೈಸರ್ ಕಂಪನಿಯ ಹಡಗುಕಟ್ಟೆಗಳು 747 ಹಡಗು ಕಟ್ಟಿದವು. ಸಾವಿರಾರು ಹೆಂಗಸರು ವೆಲ್ಡಿಂಗ್ ಮಾಡಿದರು. ಅವರ ಮಕ್ಕಳಿಗೆಂದು ಶಿಶುವಿಹಾರಗಳು ತೆರೆದವು. ಅಲ್ಲೂ ಎಲ್ಲ ನೆಟ್ಟಗಿರಲಿಲ್ಲ: ಕರಿಯ ಹೆಂಗಸರಿಗೆ ಬೇರೆ ಯೂನಿಯನ್, ಯುದ್ಧ ಮುಗಿದ ಕೂಡಲೇ ಹೆಂಗಸರಿಗೆಲ್ಲ ಗೇಟ್‌ಪಾಸ್. ಆದರೂ 2000ದಲ್ಲಿ ಅವರ ನೆನಪಿಗೆ ರಾಷ್ಟ್ರೀಯ ಉದ್ಯಾನ ಆಯಿತು. 2024ರ ಏಪ್ರಿಲ್‌ನಲ್ಲಿ ಬದುಕುಳಿದ ಅಜ್ಜಿಯರನ್ನು ವಾಷಿಂಗ್ಟನ್ನಿಗೆ ಕರೆಸಿ ಅಲ್ಲಿನ ಸಂಸತ್ತು ಚಿನ್ನದ ಪದಕ ಕೊಟ್ಟಿತು. ಎಂಬತ್ತು ವರ್ಷ ತಡವಾಯಿತು, ನಿಜ. ಆದರೆ ಆ ಅಜ್ಜಿಯರ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅದಕ್ಕೇ ಹುಡುಕಲು ಸಾಧ್ಯವಾಯಿತು. ನಮ್ಮವಳನ್ನು ಯಾವ ಪುಸ್ತಕದಲ್ಲಿ ಹುಡುಕುತ್ತೀರಿ?

ಸಮುದ್ರ ದಾಟಿ ಗಲ್ಫಿಗೇ ಹೋದ ನಮ್ಮ ಹೆಂಗಸರೂ ಇದ್ದಾರೆ: ಇನ್ನೊಬ್ಬರ ಮಕ್ಕಳನ್ನು ಸಾಕಲು ತಮ್ಮ ಮಕ್ಕಳನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋದವರು. ಸಂಯುಕ್ತ ಅರಬ್ ಸಂಸ್ಥಾನದ 1980ರ ಕಾರ್ಮಿಕ ಕಾಯ್ದೆ ಮನೆಗೆಲಸದವರನ್ನು ಹೊರಗಿಟ್ಟಿತು. ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆ ವಿಶ್ರಾಂತಿ ಎಂದು ಕಾನೂನು ಬರೆಯಲು 2017 ಆಗಬೇಕಾಯಿತು. 2022ರಲ್ಲಿ ಅದಕ್ಕೆ ಹೊಸ ರೂಪ ಬಂತು. ಅಷ್ಟರಲ್ಲಿ ಎರಡು ತಲೆಮಾರಿನ ಹೆಂಗಸರ ಬೆನ್ನು ಮುರಿದಿತ್ತು. ನಮ್ಮ ಸರ್ಕಾರ ಮಾಡಿದ್ದೇನು? ಹತ್ತನೇ ಕ್ಲಾಸು ಪಾಸಾಗದ ಹೆಂಗಸಿಗೆ ಮೂವತ್ತು ತುಂಬದೆ ಗಲ್ಫಿನ ಕೆಲಸಕ್ಕೆ ಅನುಮತಿಯಿಲ್ಲ ಎಂದಿತು. ಹಸಿವಿಗೆ ವಯಸ್ಸಿನ ಮಿತಿ ಹಾಕಲಾಗುತ್ತದೆಯೇ? ವಿಸಿಟ್ ವೀಸಾ ಹಿಡಿದು ಕಳ್ಳದಾರಿಯಲ್ಲಿ ಹೋದರು. ಹಾಗೆ ಹೋದವಳಿಗೆ ಕಷ್ಟ ಬಂದರೆ ದೂರು ಕೊಡಲೂ ಭಯ. ತಡೆದದ್ದು ರಕ್ಷಣೆಯ ಹೆಸರಲ್ಲಿ. ಸಿಕ್ಕಿದ್ದು ಏಜೆಂಟರಿಗೆ ಲಾಭ.

ಈಗ ಲೆಕ್ಕಕ್ಕೆ ಬರೋಣ. 2023-24ರಲ್ಲಿ ಹೊರದೇಶದಲ್ಲಿರುವವರು ಭಾರತಕ್ಕೆ ಕಳಿಸಿದ ಹಣ 118.7 ಬಿಲಿಯನ್ ಡಾಲರ್, ಅದರಲ್ಲಿ ಶೇ. 19.2 ಬಂದದ್ದು ಸಂಯುಕ್ತ ಅರಬ್ ಸಂಸ್ಥಾನದಿಂದ ಎನ್ನುತ್ತದೆ ರಿಸರ್ವ್ ಬ್ಯಾಂಕ್. ಕಳಿಸಿದವನ ಲೆಕ್ಕವಿದೆ. ಅವನು ಕಳಿಸುವಂತೆ ಮಾಡಿದವಳ ಲೆಕ್ಕವಿಲ್ಲ. ಕೆಲಸ ಬಿಡುವಾಗ ಗಂಡನಿಗೆ ಗ್ರಾಚ್ಯುಟಿ ಸಿಕ್ಕಿತು: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಅದೇ ಅಷ್ಟೂ ವರ್ಷ ಈಚೆ ಕಡೆ ದುಡಿದವಳಿಗೆ ಒಂದು ದಿನದ್ದೂ ಇಲ್ಲ. 2019ರ ಸರ್ಕಾರಿ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ 299 ನಿಮಿಷ ಕೊಡುತ್ತಾಳೆ, ಗಂಡಸು 97. ಆ ಅಂಕಿಯನ್ನೇ ಎತ್ತಿಕೊಂಡು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಲೇಬೇಕು ಎಂದಿತು. ಆದರೆ ಅದು ಅಪಘಾತದ ಪರಿಹಾರದ ಕೇಸು. ಸತ್ತ ಮೇಲೆ ಬೆಲೆ. ಬದುಕಿರುವವಳಿಗೆ?

ಬದುಕಿರುವವಳಿಗೆ 2023ರ ಆಗಸ್ಟ್‌ನಿಂದ ರಾಜ್ಯ ಸರ್ಕಾರ ಯಜಮಾನಿ ಎಂದು ತಿಂಗಳಿಗೆ 2000 ರೂಪಾಯಿ ಕೊಡತೊಡಗಿತು. ಅದಕ್ಕೂ ಎಂಥ ಹೊಟ್ಟೆಯುರಿ! ಬಿಟ್ಟಿ ಭಾಗ್ಯವಂತೆ. ಹೆಂಡತಿಯ ಬಳೆಯ ಮೇಲೆ ವಿಮಾನ ಹತ್ತಿದವರೂ, ತಾಯಿಯ ಬೀಡಿ ದುಡ್ಡಲ್ಲಿ ಡಿಪ್ಲೊಮಾ ಮಾಡಿದವರೂ ವಾಟ್ಸಾಪಿನಲ್ಲಿ ಬಿಟ್ಟಿ ಎಂದು ಬರೆಯುತ್ತಾರೆ. ನಲವತ್ತು ವರ್ಷ ಬಿಟ್ಟಿ ದುಡಿಸಿಕೊಂಡವರು ಯಾರು, ಬಿಟ್ಟಿ ತಿಂದವರು ಯಾರು ಸ್ವಾಮಿ?

ಅವಳನ್ನು ತ್ಯಾಗಮಯಿ, ದೇವತೆ, ಮನೆಯ ದೀಪ ಎಂದೆಲ್ಲ ಹಾಡಿ ಹೊಗಳುವ ಕವಿಗಳ ಮೇಲೂ ನನಗೆ ಸಿಟ್ಟಿದೆ. ಕೂಲಿ ಕೊಡಬಾರದು ಎಂದಿರುವವರಿಗೆ ಪೂಜೆಯಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಅವಳು ಬಯಸಿ ತ್ಯಾಗ ಮಾಡಲಿಲ್ಲ. ಬೇರೆ ದಾರಿ ಇಲ್ಲದಂತೆ ಎಲ್ಲರೂ ಸೇರಿ ಮಾಡಿದ್ದರು. ಕಂಪನಿ, ಎರಡು ಸರ್ಕಾರ, ಗಂಡನ ಮನೆ, ಎಲ್ಲರೂ.

ಆಗಬೇಕಾದದ್ದು ಏನು ಎಂದು ಕೇಳುತ್ತೀರಾ? ಕೇರಳ 2008ರಲ್ಲೇ ಪ್ರವಾಸಿ ಕ್ಷೇಮನಿಧಿ ಕಾಯ್ದೆ ತಂದು ಗಲ್ಫಿನಿಂದ ಮರಳಿದವರಿಗೆ ಪಿಂಚಣಿ, ಅವರು ಸತ್ತರೆ ಕುಟುಂಬಕ್ಕೆ ಪಿಂಚಣಿ ಎಂದಿತು. ನಾವು 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರವಾಸಿ ಭಾರತೀಯ ದಿವಸ ಮಾಡಿ ಭೋಜನ ಹಾಕಿದೆವು. ಅಂಥ ಪಿಂಚಣಿ ಇಲ್ಲಿಗೂ ಬರಲಿ. ಅದರ ಅರ್ಧ, ಗಂಡ ಬದುಕಿರುವಾಗಲೇ, ಹೆಂಡತಿಯ ಖಾತೆಗೆ ನೇರ ಬೀಳಲಿ. ಬ್ರಾಂಚಿನಲ್ಲಿ ಇನ್ನೊಬ್ಬರ ಹೆಸರಲ್ಲಿ ಬೀಡಿ ಕೊಟ್ಟವರನ್ನು ಹುಡುಕಿ ಪಿಎಫ್ ಬಾಕಿ ಕಟ್ಟಿಸಲಿ. ದುಬೈ, ಅಬುಧಾಬಿಯ ಸಂಘಗಳು ತಮ್ಮ ಸದಸ್ಯರ ತಾಯಂದಿರ ದುಡಿಮೆಯ ಕಥೆಯನ್ನು ಅವರ ಬಾಯಿಂದಲೇ ಬರೆಸಿಟ್ಟುಕೊಳ್ಳಲಿ. ಆ ತಲೆಮಾರು ಮುಗಿಯುತ್ತ ಬಂದಿದೆ.

ಸರ್ಕಾರ ಏಳುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಗಲ್ಫಿನ ದುಡ್ಡಲ್ಲಿ ಕಟ್ಟಿದ ಆರ್‌ಸಿಸಿ ಮನೆಯ ಕಾಗದ ತೆಗೆದು ನೋಡಿ. ಖಾತೆ ಯಾರ ಹೆಸರಲ್ಲಿದೆ? ಗಂಡನದು, ಇಲ್ಲವೇ ದೊಡ್ಡ ಮಗನದು. ನಾಳೆಯೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅರ್ಧ ಅವಳ ಹೆಸರಿಗೆ ಬರೆಸಿ. ಅಷ್ಟು ಮಾಡಲಾಗದವರು ಅವಳನ್ನು ದೇವತೆ ಎನ್ನುವುದನ್ನು ಇವತ್ತಿಗೇ ನಿಲ್ಲಿಸಿ.