ಗುಳಗಿ ಹಿಡಿಸಿದವರೇ, ಬಿಡಿಸುವವರು ಯಾರು?

ನಮ್ಮ ಜಮಖಂಡಿ, ಮುಧೋಳ ಕಡೆ ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದರೆ ಸಾಕು, "ಇವನ್ನ ಧಾರವಾಡಕ್ಕ ಕಳಸ್ಬೇಕು ನೋಡ್ರಿ" ಅಂತ ಕಟ್ಟೆ ಮೇಲೆ ಕೂತವರು ನಗುತ್ತಾರೆ. ಧಾರವಾಡ ಅಂದರೆ ಅಲ್ಲಿನ ಹುಚ್ಚಾಸ್ಪತ್ರೆ; ನಗುವವರಿಗೆ ಅದೊಂದು ಚೇಷ್ಟೆ. ನಿಜವಾಗಿ ಹೋಗಿಬರುವವರಿಗೆ ಒಂದು ದಿನದ ಕೂಲಿ ಖೋತಾ, ನೂರು ಕಿಲೋಮೀಟರಿಗೂ ಮೇಲಿನ ದಾರಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಡವರು ಹೊಸ ಲೆಕ್ಕ ಹಾಕಿದ್ದಾರೆ: ಗಂಡಿನ ಟಿಕೀಟಿಗೆ ರೊಕ್ಕ ಬೇಕು, ಹೆಣ್ಣಿಗೆ ಬೇಡ. ಹಾಗಾಗಿ ರೋಗಿ ಮನೆಯಲ್ಲಿ, ಫೈಲು ಬಸ್ಸಿನಲ್ಲಿ. ಬಾಗಲಕೋಟೆಗೋ ಬೆಳಗಾವಿಗೋ ಧಾರವಾಡಕ್ಕೋ ಹೊರಟ ಆ ಹೆಣ್ಣುಮಕ್ಕಳನ್ನು ನೀವೂ ಬಸ್ ಸ್ಟ್ಯಾಂಡಿನಲ್ಲಿ ನೋಡಿರುತ್ತೀರಿ. ಕ್ಯಾರಿಬ್ಯಾಗಿನಲ್ಲಿ ಮಡಿಕೆ ಮುರಿದ ಚೀಟಿ, ಖಾಲಿ ಗುಳಗಿ ಪಟ್ಟಿ, ಆಧಾರ್ ಝೆರಾಕ್ಸ್. "ಹೆಂಗದಾನ?" "ಹಂಗ ಅದಾನ್ರಿ." ಮುಗಿಯಿತು ತಪಾಸಣೆ. ಅದೇ ಗುಳಗಿ, ಅದೇ ಡೋಸು, ಮತ್ತೊಂದು ತಿಂಗಳು.

ರಬಕವಿ-ಬನಹಟ್ಟಿಗೆ ಬನ್ನಿ. ಓಣಿ ಓಣಿಯಲ್ಲಿ ಪಾವರ್‌ಲೂಮಿನ ಖಟಖಟ. ಕೂಲಿ ಸೀರೆ ಲೆಕ್ಕದಲ್ಲಿ, ಪಾಳಿ ರಾತ್ರಿ. ಹಗಲು ಮಲಗಿದರೆ ಕಿವಿಯೊಳಗೆ ಮಗ್ಗ ನಿಲ್ಲುವುದಿಲ್ಲ, ತಲೆಯೊಳಗೆ ಸಾಲ ನಿಲ್ಲುವುದಿಲ್ಲ. ಯಾರೋ "ನಿದ್ದಿ ಗುಳಗಿ ತಗೋ" ಅನ್ನುತ್ತಾರೆ. ಆಲ್ಪ್ರಜೋಲಾಮ್. 2014ರ ಮಾರ್ಚಿನಿಂದ ಇದು ಎಚ್-1 ಪಟ್ಟಿಯ ಔಷಧ; ಬರೆದ ವೈದ್ಯರ ಹೆಸರು, ಕೊಂಡವರ ಹೆಸರು ಪ್ರತ್ಯೇಕ ರಿಜಿಸ್ಟರಿಗೆ ಏರಬೇಕು, ಆ ರಿಜಿಸ್ಟರು ಮೂರು ವರ್ಷ ಅಂಗಡಿಯಲ್ಲಿ ಇರಬೇಕು. ಔಷಧ ನಿಯಂತ್ರಣ ಇಲಾಖೆಯ ಸಾಹೇಬರು ರಾತ್ರಿ ಪಾಳಿ ಬಿಡುವ ಹೊತ್ತಿಗೆ ಒಮ್ಮೆ ಬಂದು ಆ ರಿಜಿಸ್ಟರು ತೆಗೆಸಿ ನೋಡಲಿ.

ನೂಲು ಬರುವುದು ನಿಂತಿತು ಅನ್ನಿ. ಮಗ್ಗ ಬಂದ್, ಕೂಲಿ ಬಂದ್, ಗುಳಗಿಯೂ ಬಂದ್. ತಿಂಗಳುಗಟ್ಟಲೆ ತಿಂದ ಮೈಗೆ ಅದು ತಟ್ಟನೆ ತಪ್ಪಿದರೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ, ಇಲ್ಲದ್ದು ಕಾಣಿಸುತ್ತದೆ, ಕೆಲವರಿಗೆ ಫಿಟ್ಸ್ ಬಂದು ಜೀವಕ್ಕೇ ಎರವಾಗುತ್ತದೆ. ಮನೆಯವರಿಗೆ ಇದನ್ನು ಯಾರು ಹೇಳಿದ್ದಾರೆ? "ಗಾಳಿ ಬಡದೈತಿ" ಅಂತ ಗಾಣಗಾಪುರದ ದಾರಿ ಹಿಡಿಯುತ್ತಾರೆ. ಕೊಟ್ಟವರು ಬಿಡುವ ಬಗೆ ಹೇಳಲಿಲ್ಲ, ಹುಚ್ಚನೆಂಬ ಹೆಸರು ಮಾತ್ರ ನೇಕಾರನ ಪಾಲಿಗೆ ಬಂತು.

ಇನ್ನು ಶಿಬಿರದ ಸ್ವಾಮಿಗಳು. 'ಸಮಗ್ರ ಚಿಕಿತ್ಸೆ' ಅಂತ ಫ್ಲೆಕ್ಸ್ ಕಟ್ಟಿಸಿ, "ಇಂಗ್ಲಿಷ್ ಗುಳಗಿ ಎಲ್ಲಾ ಹೊಳಿಗೆ ಒಗೀರಿ, ಉಸಿರಾಟ ಮಾಡ್ರಿ" ಅನ್ನುತ್ತಾರೆ. ಯೋಗದ ಮೇಲೆ ನನಗೆ ಸಿಟ್ಟಿಲ್ಲ; ನಡಿಗೆ, ಉಸಿರು, ನಾಲ್ಕು ಜನರ ಮಾತು, ಎಲ್ಲವೂ ಮನಸ್ಸಿಗೆ ಬೇಕು. ಆದರೆ ಲಿಥಿಯಂ ಗುಳಗಿಯ ಮೇಲಿರುವ ಮನುಷ್ಯನಿಗೆ ನಾಳೆಯಿಂದಲೇ ಬಿಡು ಅನ್ನುವವನು ಅವನ ಉನ್ಮಾದವನ್ನು ಕೈಯಾರೆ ವಾಪಸು ಕರೆಯುತ್ತಿದ್ದಾನೆ. ಆ ರಾತ್ರಿ ಅವನ ಮನೆಯಲ್ಲಿ ಕಾವಲು ಕೂರಲು ಸ್ವಾಮಿ ಬರುತ್ತಾನೆಯೇ?

ಸಮಗ್ರ ಅಂದರೆ ಸಮಗ್ರವಾಗಿಯೇ ಮಾತಾಡೋಣ. ಆಲಮಟ್ಟಿ ಅಣೆಕಟ್ಟಿನ ನೀರನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ಅಂದಿನಿಂದ ಬೀಳಗಿ ಸೀಮೆಯ ರೈತ ಮುಳುಗಲಿರುವ ಹೊಲದಲ್ಲಿ ಬಾವಿ ತೋಡಲಾರ, ಮನೆ ಕಟ್ಟಲಾರ, ಮಾರಲಾರ. ಅವನ ನಿದ್ದೆಗೆ ಯಾವ ಪ್ರಾಣಾಯಾಮ? ಮುಧೋಳದ ಕಬ್ಬಿನವನ ಬಿಲ್ಲು ಬಾಕಿ ಇದ್ದರೆ ಯಾವ ಧ್ಯಾನ? 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಊರೊಳಗೆ ನುಗ್ಗಿದಾಗ ಬಿದ್ದ ಗೋಡೆಗೆ ಪಂಚನಾಮೆ ಆಯಿತು. ನಿಮ್ಮ ತಲೆಯ ಗುಳಗಿ ನೀರುಪಾಲಾಯಿತೇ ಎಂದು ಕೇಳಿದ ಒಬ್ಬ ತಲಾಟಿಯನ್ನು ನನಗೆ ತೋರಿಸಿ.

ಡಾಕ್ಟರ ಮೇಲಿನ ಸಿಟ್ಟನ್ನೂ ನುಂಗಿಕೊಳ್ಳಲಾರೆ. ಲಂಡನ್ನಿನಲ್ಲಿ ಮಾರ್ಕ್ ಹೊರೊವಿಟ್ಜ್ ಎಂಬ ವೈದ್ಯ ತಾನೇ ಖಿನ್ನತೆಯ ಗುಳಗಿ ಬಿಡಲು ಹೋಗಿ ನರಳಿ, 2019ರಲ್ಲಿ ಡೇವಿಡ್ ಟೇಲರ್ ಜೊತೆ ಸೇರಿ ಬರೆದ: ಡೋಸು ಕಡಿಮೆಯಾದಷ್ಟೂ ಇಳಿಸುವುದು ಇನ್ನೂ ನಿಧಾನವಾಗಬೇಕು, ಕೊನೆಯ ಚೂರೇ ಕಷ್ಟದ್ದು. ಕೆಲವರಿಗೆ ಗುಳಗಿ ಬಹುಕಾಲ ಬೇಕು, ಅದೂ ನಿಜ. ಆದರೆ ಬೇಕೋ ಬೇಡವೋ, ಎಷ್ಟು ದಿನ, ಬಿಡುವುದಾದರೆ ಹೇಗೆ ಎಂದು ಕೂತು ಮಾತಾಡುವ ವ್ಯವಧಾನ ಶ್ರೀಮಂತ ರೋಗಿಗಷ್ಟೇ ಮೀಸಲೇ? ಚಹಾ ಆರುವಷ್ಟು ಹೊತ್ತೂ ನಮ್ಮವರ ಮುಖ ನೋಡುವವರಿಲ್ಲ.

ಕಾಯ್ದೆ ಇಲ್ಲವೆಂದಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಓದಿ. ಅಗತ್ಯ ಪಟ್ಟಿಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ, ಎಲ್ಲ ಕಾಲಕ್ಕೂ, ಪುಕ್ಕಟೆ ಸಿಗಬೇಕು. ಎಲ್ಲ ಕಾಲಕ್ಕೂ! ಅಂದರೆ "ಸ್ಟಾಕ್ ಇಲ್ಲ, ಮುಂದಿನ ವಾರ ಬಾ" ಅನ್ನುವುದು ಕಾನೂನುಭಂಗ. ಗುಳಗಿಯ ನಾಗಾ ಅಂದರೆ ರೋಗಿ ಒಪ್ಪದೆ ನಡೆದ ವಿತ್‌ಡ್ರಾವಲ್.

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕೆಂಬ ಮನೋಚೈತನ್ಯ ಯೋಜನೆ ಇದೆ. ಮುಂದಿನ ಮಂಗಳವಾರ ಅಲ್ಲಿಗೆ ಒಬ್ಬರೇ ಹೋಗಬೇಡಿ, ಓಣಿಯವರೆಲ್ಲ ಹೋಗಿ. ಡಾಕ್ಟರು ಬಂದಿಲ್ಲ, ಗುಳಗಿ ಖಾಲಿ ಅಂದರೆ, ಅದನ್ನೇ ಕಾಗದದ ಮೇಲೆ ಬರೆದು ಸಹಿ, ಶಿಕ್ಕಾ ಹಾಕಿ ಕೊಡಿ ಅನ್ನಿ. ಬಂದಿದ್ದರೆ, "ಸಾಹೇಬರ, ಇದನ್ನ ಬಿಡೂ ದಾರಿನೂ ಚೀಟಿ ಮ್ಯಾಲ ಬರೀರಿ" ಅನ್ನಿ. ಬರೆಯುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.